ಎರಡನೇ ಬಿತ್ತನೆ

ಆಗಸ್ಟ್ ಕೊನೆಯ ವಾರ. ಅಯೋವಾದ ಏಮ್ಸ್‌ನಲ್ಲಿ ನಾನು ಬಾಡಿಗೆಗಿರುವ ಮನೆಯ ಮುಂದೆ ಒಂದು ಲಾರಿ ಬಂದು ನಿಂತಿತು. ಒಳಚರಂಡಿಯ ಪೈಪು ಬದಲಿಸಲು ಅಂಗಳವನ್ನೆಲ್ಲ ಅಗೆದಿದ್ದರು. ಅಲ್ಲಿ ಮತ್ತೆ ಹುಲ್ಲು ಬೆಳೆಸಬೇಕಿತ್ತು. ಲಾರಿಯ ಟ್ಯಾಂಕಿನಲ್ಲಿ ನೀರು, ಬೀಜ, ಗೊಬ್ಬರ, ಮರದ ನಾರು ಎಲ್ಲ ಕಲಸಿದ ಗಂಜಿ. ಒಬ್ಬಾತ ದಪ್ಪ ಪೈಪು ಹಿಡಿದು ಅದನ್ನು ನೆಲಕ್ಕೆ ಎರಚಿದ. ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂದು ಗೊತ್ತಾಗಲು ಹಸಿರು ಬಣ್ಣ ಬೇರೆ. ಅರ್ಧ ಗಂಟೆಯಲ್ಲಿ ಬಿತ್ತನೆ ಮುಗಿಯಿತು. ಇದಕ್ಕೆ ಹೈಡ್ರೋಸೀಡಿಂಗ್ ಎನ್ನುತ್ತಾರೆ.

ಇಳಿಜಾರಿನಲ್ಲಿ ಬೀಜ ಜಾರದಿರಲು ಏನು ಹಾಕುತ್ತೀರಿ ಎಂದು ಕೇಳಿದೆ. ಆತ ಒಂದು ಚೀಲ ತೋರಿಸಿದ. ಗುವಾರ್ ಅಂಟು. ಅಂದರೆ ನಮ್ಮ ಗೋರಿಕಾಯಿ ಬೀಜದ ಪುಡಿ! ಜಗತ್ತಿಗೆ ಬೇಕಾದ ಈ ಅಂಟಿನ ಬಹುಪಾಲು ಹೋಗುವುದು ಭಾರತದಿಂದ, ಅದರಲ್ಲೂ ರಾಜಸ್ಥಾನದಿಂದ. ಚಳ್ಳಕೆರೆ ಕಡೆಯ ನಮ್ಮ ಹೊಲದ ಬದುವಿನಲ್ಲಿ ಅವ್ವ ಪಲ್ಯಕ್ಕೆಂದು ಬೆಳೆಯುತ್ತಿದ್ದ ಗೋರಿಕಾಯಿ ನೆನಪಾಯಿತು.

ಮನೆಯೊಡತಿ ಮೂರು ವಾರ ಮಗಳ ಮನೆಗೆ ಹೊರಟಿದ್ದರು. ಹುಲ್ಲು ನೋಡಿಕೊಂಡರೆ ಆ ತಿಂಗಳ ಬಾಡಿಗೆಯಲ್ಲಿ ನೂರು ಡಾಲರ್ ಬಿಡುವುದಾಗಿ ಹೇಳಿದರು. ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿರುವ ನನಗೆ ಅದು ಸಣ್ಣ ಮೊತ್ತವಲ್ಲ. ಕೆಲಸವೂ ಸುಲಭ: ದಿನಕ್ಕೆ ಮೂರು ಸಲ ತೆಳುವಾಗಿ ನೀರು ಬಿಡಬೇಕು. ಮೇಲ್ಮಣ್ಣು ಒಣಗಬಾರದು, ನೀರು ನಿಲ್ಲಲೂಬಾರದು, ಯಾರೂ ತುಳಿಯಬಾರದು.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ನಕ್ಕರು. "ಹುಲ್ಲಿಗೆ ದಿನಕ್ಕೆ ಮೂರು ಸಲ ನೀರಾ? ಎಷ್ಟು ದನ ಕಟ್ಟಿದಾರೆ?"

"ಒಂದೂ ಇಲ್ಲ."

"ಮತ್ಯಾಕೆ?"

ನನ್ನ ಬಳಿ ಉತ್ತರವಿರಲಿಲ್ಲ.

ಏಳನೇ ದಿನ ರೈ ಹುಲ್ಲು ಸೂಜಿಯಂತೆ ತಲೆಯೆತ್ತಿತು. ಜೊತೆಗಿದ್ದ ಕೆಂಟಕಿ ಬ್ಲೂಗ್ರಾಸ್ ನಿಧಾನದ್ದು, ಎರಡರಿಂದ ನಾಲ್ಕು ವಾರ ಬೇಕು. ಮೊಳಕೆ ಕಂಡಿತಲ್ಲ ಎಂದು ನಾನು ನಿರಾಳವಾದೆ. ಅದೇ ಹೊತ್ತಿಗೆ ಮಾರ್ಗದರ್ಶಕರಿಗೆ ಅಧ್ಯಾಯವೊಂದನ್ನು ಒಪ್ಪಿಸಬೇಕಿತ್ತು. ಎರಡು ದಿನ ಲ್ಯಾಬಿನಲ್ಲೇ ಕಳೆದೆ. ಬಿಸಿಲು ಜೋರಾಗಿತ್ತು, ಗಾಳಿಯೂ ಇತ್ತು. ಮೂರನೇ ದಿನ ನೋಡಿದರೆ ಇಳಿಜಾರಿನ ಭಾಗ ಒಣಗಿದ ಸಗಣಿಯ ಹಾಗೆ ಬಿರುಕು ಬಿಟ್ಟಿತ್ತು. ಸೂಜಿಗಳು ಹುಲ್ಲಿನ ಬಣ್ಣ ಬಿಟ್ಟು ಹುರಿಯ ಬಣ್ಣಕ್ಕೆ ತಿರುಗಿದ್ದವು.

ಒಡತಿಗೆ ಹೇಳುವ ಧೈರ್ಯವಾಗಲಿಲ್ಲ. ಬೀಜವೇ ಸರಿಯಿರಲಿಲ್ಲ ಎಂದುಬಿಡೋಣವೇ ಅಂದುಕೊಂಡೆ. ಅಪ್ಪನಿಗೆ ಫೋನು ಮಾಡಿ, ಮತ್ತೆ ನೀರು ಬಿಟ್ಟರೆ ಚಿಗುರುತ್ತದೆಯೇ ಎಂದು ಕೇಳಿದೆ.

"ಇಲ್ಲಮ್ಮ. ಮೊಳಕೆ ಒಡೆಯದ ಕಾಳು ಕಾಯುತ್ತೆ. ಒಡೆದದ್ದು ಒಣಗಿದ್ರೆ ಮುಗೀತು. ನೀನು ಎಂಎಸ್ಸಿ ಸೇರಿದ ವರ್ಷ ನಮ್ಮ ಶೇಂಗಾನೂ ಹಂಗೇ ಆಯ್ತಲ್ಲ, ಎರಡು ಸಲ ಬಿತ್ತಿದ್ವಿ."

ನನಗದು ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಆ ವರ್ಷ ಹಾಸ್ಟೆಲ್ ಫೀಸು ತಿಂಗಳು ತಡವಾಗಿ ಬಂತು. ಗೆಳತಿಯರೆದುರು ಅವಮಾನವಾಯಿತೆಂದು ಅಪ್ಪನ ಮೇಲೆ ಫೋನಿನಲ್ಲಿ ರೇಗಿದ್ದೆ. ಅವರು ಆಗ ಬಿತ್ತನೆಯ ಮಾತೇ ಎತ್ತಿರಲಿಲ್ಲ. ಈಗ ಕೇಳಿದರೆ, "ಹೇಳಿದ್ರೆ ನೀನು ಓದು ಬಿಟ್ಟು ಬರ್ತಿದ್ದೆ" ಎಂದರು. ಆಮೇಲೆ, "ಮೊದ್ಲು ಆಯಮ್ಮಂಗೆ ನಿಜ ಹೇಳು. ಆಮೇಲೆ ಬಿತ್ತು" ಎಂದರು.

ಹೇಳಿದೆ. ಒಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಿಳಿಸಿದ್ದು ಒಳ್ಳೆಯದಾಯಿತು" ಎಂದಷ್ಟೇ ಅಂದರು. ನೂರು ಡಾಲರ್ ಬೇಡವೆಂದೆ. ಅಂಗಡಿಯಿಂದ ಅದೇ ಮಿಶ್ರಣದ ಸಣ್ಣ ಚೀಲ ತಂದು, ಒಣ ಪದರ ಕೆದಕಿ, ಬೀಜ ಉದುರಿಸಿ, ಮೇಲೆ ತೆಳ್ಳಗೆ ಹುಲ್ಲು ಹೊದಿಸಿದೆ. ಲ್ಯಾಬಿಗೆ ಹೋಗುವ ಮುನ್ನ, ಮಧ್ಯಾಹ್ನ, ಸಂಜೆ ನೀರು ಬಿಟ್ಟೆ. ಅಧ್ಯಾಯ ಒಂದು ವಾರ ತಡವಾಯಿತು.

ಅಕ್ಟೋಬರಿನಲ್ಲಿ ಹುಲ್ಲು ಮೂರೂವರೆ ಇಂಚು ಬೆಳೆದಾಗ ಮೊದಲ ಸಲ ಕತ್ತರಿಸಿದೆವು, ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲದಂತೆ. ಇಳಿಜಾರಿನ ತುಂಡು ಇನ್ನೂ ಗಿಡ್ಡವಾಗಿತ್ತು. ಯಂತ್ರ ಅದನ್ನು ಮುಟ್ಟದೆ ದಾಟಿತು. ಅದರ ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ.

"ಪರವಾಗಿಲ್ಲ, ಹಿಡಿದಿದೆ" ಎಂದು ಉತ್ತರ ಬಂತು. ಹಾಸ್ಟೆಲ್ ಫೀಸಿನ ಮಾತಿಗೆ ಕ್ಷಮೆ ಕೇಳಬೇಕೆಂದು ಫೋನು ಮಾಡಿದೆ. ಅಪ್ಪ ಮಳೆಯ ಸುದ್ದಿ ಎತ್ತಿಕೊಂಡರು.