ಗೋಡೆಗೆ ಹಸಿರು ಬೇಕೆ? ವಯನಾಡಿಗೆ ಹೋಗಿ ಬಂದ ಮೇಲೆ

ಅಕ್ಕಲಕೋಟೆಯ ನಮ್ಮ ಹಳೆಯ ಮನೆಗೆ ಬಣ್ಣ ಬಳಿಸಬೇಕಾಗಿತ್ತು. ಮಗಳು ಅಂಗಡಿಯಿಂದ ಬಣ್ಣದ ಪಟ್ಟಿ ತಂದು, ಎಳೆ ಗಿಳಿಹಸಿರನ್ನು ತೋರಿಸಿ, "ಪಡಸಾಲೆಗೆಲ್ಲಾ ಇದೇ ಇರಲಿ, ಈಗ ಎಲ್ಲರ ಮನ್ಯಾಗೂ ಇದೇ ನಡೀತದ" ಎಂದಳು. ಅಮೆರಿಕದ ಪ್ಯಾಂಟೋನ್ ಎಂಬ ಸಂಸ್ಥೆ ಇಂಥದೇ ಹಸಿರನ್ನು 2017ರ 'ವರ್ಷದ ಬಣ್ಣ'ವೆಂದು ಸಾರಿತ್ತಂತೆ. ನಮ್ಮ ಆಯಿ ಮಾತ್ರ ಒಪ್ಪಲಿಲ್ಲ. "ಅಷ್ಟಮಿ ಚತುರ್ದಶಿಗೆ ಹಸರ ತಿನ್ನೂದು ಬಿಡ್ತೀವಿ. ಈಗ ನಾಕೂ ಗೋಡಿಗೆ ಹಸರ ಬಳಿತೀರೇನು?" ಎಂದರು. ಎರಡು ದಿನ ಅಜ್ಜಿ ಮೊಮ್ಮಗಳಿಗೆ ಮಾತಿಲ್ಲ.

ಆಯಿಯವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ನಾವು ಬಿಡುವುದು ಜೀವವಿರುವ ಹಸಿರನ್ನು, ಬಣ್ಣವನ್ನಲ್ಲ. ನಮ್ಮ ದಿಗಂಬರ ಆಮ್ನಾಯದಲ್ಲಿ 7ನೆಯ ಸುಪಾರ್ಶ್ವನಾಥ ಹಾಗೂ 23ನೆಯ ಪಾರ್ಶ್ವನಾಥ ತೀರ್ಥಂಕರರದು ಹರಿತವರ್ಣವೇ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಕಾಲದಲ್ಲಿ (1974-75) ರೂಪುಗೊಂಡ ಪಂಚವರ್ಣದ ಜೈನ ಧ್ವಜದಲ್ಲಿಯೂ ಹಸಿರಿದೆ. ಇದನ್ನು ಹೇಳಿದರೂ ಆಯಿ ಸುಮ್ಮನಿದ್ದರು.

ಅಷ್ಟರಲ್ಲಿ ದೀಪಾವಳಿ ಕಳೆದು ವಯನಾಡಿನ ಬೀಗರಿಂದ ಕರೆ ಬಂದಿತು. ಆಯಿಯವರನ್ನೂ ಕರೆದುಕೊಂಡು ಮೈಸೂರಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನ ದಾರಿ ಹಿಡಿದೆವು. ರಾತ್ರಿ ಆ ದಾರಿಯಲ್ಲಿ ವಾಹನ ಬಿಡುವುದಿಲ್ಲವಾದ್ದರಿಂದ ಬೆಳಗಿನಲ್ಲೇ ಹೊರಟಿದ್ದೆವು. ಕಪ್ಪು ಎರೆನೆಲ, ಕಾದ ಕಲ್ಲು ನೋಡಿ ಬೆಳೆದ ನಮ್ಮ ಕಣ್ಣಿಗೆ ಮುತ್ತಂಗ ದಾಟಿದ ಮೇಲೆ ಕಂಡ ಹಸಿರು ಹೇಳತೀರದು.

ಸುಲ್ತಾನ್ ಬತ್ತೇರಿಯ ಬಸದಿಯಲ್ಲಿ ಮೊದಲು ಇಳಿದೆವು. ಕಗ್ಗಲ್ಲಿನ ಕಟ್ಟಡ, ಬಣ್ಣದ ಹನಿಯೂ ಇಲ್ಲ. ಟಿಪ್ಪುವಿನ ಕಾಲದಲ್ಲಿ ಇದು ಮದ್ದುಗುಂಡಿನ ಉಗ್ರಾಣವಾಗಿತ್ತು. ಊರಿಗೆ 'ಬತ್ತೇರಿ' ಎಂಬ ಹೆಸರು ಬಂದದ್ದು ಅದರಿಂದಲೇ. ಇಂದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಮರುದಿನ ಕಲ್ಪೆಟ್ಟದ ಬಳಿಯ ಪುಳಿಯಾರ್‌ಮಲೆಯಲ್ಲಿ ಅನಂತನಾಥ ಸ್ವಾಮಿಯ ದರ್ಶನ ಪಡೆದೆವು.

ಬೀಗರ ಮನೆ ಕಾಫಿ ತೋಟದ ನಡುವೆ. ಒಳಗೂ ಹೊರಗೂ ಬಿಳಿ ಸುಣ್ಣ. ಬಾಗಿಲು ಕಿಟಕಿಗಳಿಗೆ ಮಾತ್ರ ಹಸಿರು. ಮಗಳು ತನ್ನ ಬಣ್ಣದ ಪಟ್ಟಿ ತೋರಿಸಿದಾಗ ಬೀಗಿತಿ ನಕ್ಕರು: "ಇಲ್ಲಿ ಗೋಡೆ ಹಸಿರಾಯಿತು ಅಂದ್ರೆ ಪಾಚಿ ಹಿಡಿಯಿತು ಅಂತ ಅರ್ಥ, ಮಗಳೇ. ಹಿಡಿದ ಮೇಲೆ ಕೆರೆದರೆ ಹಿಂಸೆ. ಅದಕ್ಕೇ ಬೇಸಿಗೆಯಲ್ಲಿ ಗೋಡೆ ಒಣಗಿರುವಾಗಲೇ ಸುಣ್ಣ ಬಳಿಸಿಬಿಡ್ತೇವೆ." ಸುಣ್ಣದ ಖಾರಕ್ಕೆ ಪಾಚಿ ಬೇಗನೆ ಹತ್ತುವುದಿಲ್ಲ. ಜೀವ ಹುಟ್ಟಿದ ಮೇಲೆ ಮರುಗುವುದಕ್ಕಿಂತ ಮೊದಲೇ ಎಚ್ಚರದಿಂದಿರುವ ಈ ಬಗೆಯನ್ನು ಕೇಳಿ ಆಯಿ ತಲೆದೂಗಿದರು. ಹಿಂದಿರುಗುವ ದಾರಿಯಲ್ಲಿ ತಾವಾಗಿಯೇ, "ಅವರಿಗೆ ಹೊರಗ ಹಸರ ಐತಿ, ಒಳಗ ಬಿಳಿ ಸಾಕು. ನಮಗ ಹೊರಗ ಬರೀ ಬಿಸಿಲು. ಒಂದು ಗೋಡಿ ಇರಲಿ" ಎಂದರು.

ಹಾಗೆಯೇ ಮಾಡಿದೆವು. ಚಾತುರ್ಮಾಸ ಮುಗಿದು ಹುಳುಹುಪ್ಪಟೆ ಕಡಿಮೆಯಾದ ಕಾಲ, ಕೆಲಸಕ್ಕೂ ಅನುಕೂಲ. ಪಡಸಾಲೆಯಲ್ಲಿ ಬಾಗಿಲಿನಿಂದ ಒಳಬಂದೊಡನೆ ಕಾಣುವ ಒಂದು ಗೋಡೆಗೆ ಗಿಳಿಹಸಿರು, ಉಳಿದ ಮೂರಕ್ಕೂ ದೇವರಕೋಣೆಗೂ ಬಿಳಿ. ನಾಲ್ಕೂ ಗೋಡೆಗೆ ಬಳಿದರೆ ದೀಪದ ಬೆಳಕೇ ಹಸಿರಾಗಿ ಮುಖಗಳು ಬಾಡಿದಂತೆ ಕಾಣುತ್ತವೆ. ಮೊದಲು ಎರಡಡಿ ಚೌಕ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ ನಿರ್ಧರಿಸುವುದು ಒಳ್ಳೆಯದು. ಅರಿವೆ ವ್ಯಾಪಾರದ ಬಂಧುಗಳು ಅಂಗಡಿಗೆ ಮಾತ್ರ ಈ ಬಣ್ಣ ಬಳಿಸಬಾರದು. ಗೋಡೆಯ ಹಸಿರು ಸೀರೆಯ ಮೇಲೆ ಬಿದ್ದು, ಅಂಗಡಿಯಲ್ಲಿ ಕಂಡ ಬಣ್ಣ ಗಿರಾಕಿಯ ಮನೆಯಲ್ಲಿ ಬೇರೆಯಾಗಿ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ಹಳೆಯ ಮನೆಗಳ ಬಾಗಿಲು, ಕಿಟಕಿಗಳ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ಆ ಧೂಳು ಮಕ್ಕಳ ಬುದ್ಧಿಶಕ್ತಿಗೆ ಕೇಡು. ನೀರು ಚಿಮುಕಿಸಿ ಉಜ್ಜಿಸಬೇಕು; ಮಕ್ಕಳನ್ನು ದೂರವಿರಿಸಬೇಕು; ಹೊಸ ಡಬ್ಬಿಯ ಮೇಲೆ ಸೀಸದ ಬಗ್ಗೆ ಬರೆದಿರುವುದನ್ನು ಓದಿಯೇ ಕೊಳ್ಳಬೇಕು.

ಮೊನ್ನೆ ಚತುರ್ದಶಿ. ಆಯಿ ಉಪವಾಸವಿದ್ದು, ಜಪಮಾಲೆ ಹಿಡಿದು ಆ ಹಸಿರು ಗೋಡೆಗೇ ಮುಖಮಾಡಿ ಕುಳಿತಿದ್ದರು. ಮೊಮ್ಮಗಳು ಬಾಗಿಲಲ್ಲಿ ನಿಂತು ನಗುತ್ತಿರುವುದನ್ನು ಕಂಡು, "ಇದನ್ನ ಕೊಯ್ಯೂಹಂಗಿಲ್ಲ, ತಿನ್ನೂಹಂಗಿಲ್ಲ, ತುಳಿಯೂಹಂಗಿಲ್ಲ. ಇರಲಿ ಬಿಡು" ಎಂದರು.