ಮೊಸರಾಗದ ಹಾಲು

ನಮ್ಮ ರೂಮಿನಲ್ಲಿ ಮೊಸರು ಅಂದ್ರೆ ಗಂಭೀರ ವಿಷಯ. ಬಂದರ್‌ನ ಒಂದು ಗೋಡೌನಿನ ಮೇಲಿನ ಮಹಡಿಯಲ್ಲಿ ನಾವು ಮೂವರು ಇರುವುದು. ಒಬ್ಬ ಹಾವೇರಿ, ಒಬ್ಬ ಬೆಳ್ತಂಗಡಿ, ಇನ್ನೊಬ್ಬ ಕಾಸರಗೋಡು. ಬೆಳಗ್ಗೆ ಐದಕ್ಕೇ ಕೆಳಗೆ ಲಾರಿಯಿಂದ ಈರುಳ್ಳಿ ಮೂಟೆ ಇಳಿಸುವ ಗಲಾಟೆ ಶುರು. ಗಾಳಿ ತಿರುಗಿದರೆ ದಕ್ಕೆಯ ಮೀನಿನ ವಾಸನೆ ಸೀದಾ ಕಿಟಕಿಯೊಳಗೆ. ಇದೆಲ್ಲ ಹಾವೇರಿಯವನಿಗೆ ಅಭ್ಯಾಸ ಆಗಿದೆ. ಆದರೆ ಊಟದ ಕೊನೆಗೆ ಗಟ್ಟಿ ಮೊಸರು ಇಲ್ಲದಿದ್ದರೆ ಮಾತ್ರ ಅವನು ಮನುಷ್ಯನಾಗಿ ಉಳಿಯುವುದಿಲ್ಲ.

ಅದಕ್ಕೇ ನಾವು ಸ್ಕೂಟರಿನಲ್ಲಿ ಕ್ಯಾನ್ ಕಟ್ಟಿಕೊಂಡು ಬರುವ ಒಬ್ಬರಿಂದ ದಿನಾ ಒಂದು ಲೀಟರ್ ಬಿಡಿ ಹಾಲು ತಗೊಳ್ತೇವೆ. ದಪ್ಪ ಕೆನೆ ಬರುತ್ತದೆ. ಪ್ಯಾಕೆಟ್ ಹಾಲಿಗಿಂತ ಇದೇ ‘ನ್ಯಾಚುರಲ್’ ಎಂಬ ಹೆಮ್ಮೆಯೂ ನಮಗಿತ್ತು.

ಒಂದು ದಿನ ಮೊಸರು ಆಗಲಿಲ್ಲ. ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು.

“ಹೆಪ್ಪು ಹಾಕಿದ್ದು ಯಾರಲೇ?”

“ನಾನು ಸರಿಯೇ ಹಾಕಿದ್ದು ಮಾರಾಯ. ಹಾಲು ಬಿಸಿ ಜಾಸ್ತಿ ಇತ್ತೇನೋ.”

ಮರುದಿನವೂ ಅದೇ ಕಥೆ. ಮೂರನೇ ರಾತ್ರಿ ನಾವು ಎಂಜಿನಿಯರಿಂಗ್ ಓದುವವರು ಎಂದು ನಮಗೇ ನೆನಪಾಯಿತು. ಎರಡು ಲೋಟ ತೆಗೆದುಕೊಂಡೆವು. ಒಂದರಲ್ಲಿ ಬಿಡಿ ಹಾಲು, ಇನ್ನೊಂದರಲ್ಲಿ ಅಂಗಡಿಯಿಂದ ತಂದ ಪ್ಯಾಕೆಟ್ ಹಾಲು. ಎರಡನ್ನೂ ಕುದಿಸಿ, ಒಂದೇ ಹದಕ್ಕೆ ಆರಿಸಿ, ಒಂದೇ ಬಟ್ಟಲಿನ ಹೆಪ್ಪನ್ನು ಒಂದೊಂದು ಚಮಚ ಹಾಕಿ ಪಕ್ಕಪಕ್ಕ ಇಟ್ಟೆವು. ಬೆಳಗ್ಗೆ ಪ್ಯಾಕೆಟ್ ಹಾಲು ಗಟ್ಟಿ ಮೊಸರಾಗಿತ್ತು. ಬಿಡಿ ಹಾಲು ಹಾಗೇ ಅಲ್ಲಾಡುತ್ತಿತ್ತು.

ಬೆಳ್ತಂಗಡಿಯವನ ಮನೆಯಲ್ಲಿ ನಾಲ್ಕು ದನ ಉಂಟು. ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಅಮ್ಮ ಒಂದು ಸೆಕೆಂಡೂ ಯೋಚನೆ ಮಾಡಲಿಲ್ಲ.

“ದನಕ್ಕೆ ಮದ್ದು ಕೊಟ್ಟಿರ್ತಾರೆ ಮಗಾ. ಕೆಚ್ಚಲು ಬಾವಿಗೆ ಟ್ಯೂಬ್ ಹಾಕಿದ್ರೆ ಆ ಹಾಲು ಮೊಸರಾಗುದಿಲ್ಲ.”

ಮೊಸರು ಆಗುವುದೇ ಬ್ಯಾಕ್ಟೀರಿಯಾದಿಂದ. ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಆಮ್ಲ ಮಾಡುತ್ತದೆ, ಆ ಆಮ್ಲದಿಂದ ಹಾಲು ಗಟ್ಟಿಯಾಗುತ್ತದೆ. ಹಾಲಿನಲ್ಲಿ ಪೆನಿಸಿಲಿನ್ ಜಾತಿಯ ಮದ್ದು ಉಳಿದಿದ್ದರೆ ಅದು ಈ ಪಾಪದ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಡೈರಿ ಲ್ಯಾಬ್‌ಗಳ ಒಂದು ಪರೀಕ್ಷೆಯೂ ಇದೇ ತತ್ವದ್ದು. ಶಾಖ ತಡೆಯುವ ಒಂದು ಬ್ಯಾಕ್ಟೀರಿಯಾ ಇರುವ ಜೆಲ್‌ಗೆ ಹಾಲು ಹಾಕಿ ಸುಮಾರು 64 ಡಿಗ್ರಿಯಲ್ಲಿ ಮೂರು ಗಂಟೆ ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದರೆ ನೇರಳೆ ಬಣ್ಣ ಹಳದಿಯಾಗುತ್ತದೆ. ನೇರಳೆಯಾಗಿಯೇ ಉಳಿದರೆ ಹಾಲಿನಲ್ಲಿ ಮದ್ದು ಉಂಟು ಎಂದು ಅನುಮಾನ. ನಮ್ಮ ಲೋಟ ಅಷ್ಟು ಸೂಕ್ಷ್ಮವಲ್ಲ. ಮೊಸರಾಗದ್ದಕ್ಕೆ ಬೇರೆ ಕಾರಣವೂ ಇರಬಹುದು, ಮೊಸರಾದ ಮಾತ್ರಕ್ಕೆ ಹಾಲು ಶುದ್ಧ ಎಂದೂ ಹೇಳುವ ಹಾಗಿಲ್ಲ.

“ಕುದಿಸ್ತೀವಲ್ಲ, ಮತ್ತೇನು ಚಿಂತೆ?” ಎಂದ ಹಾವೇರಿ. ನಾವೂ ಹಾಗೇ ಅಂದುಕೊಂಡಿದ್ದೆವು. ಇಲ್ಲಿ ಎರಡು ಬೇರೆ ಬೇರೆ ವಿಷಯ ಉಂಟು. ಮೊದಲನೆಯದು ಹಸಿ ಹಾಲಿನಲ್ಲಿರುವ ರೋಗಾಣು. ಕೆಚ್ಚಲಿನಿಂದ, ಸಗಣಿ ತಾಗಿದ ಕೈಯಿಂದ, ಸರಿಯಾಗಿ ತೊಳೆಯದ ಕ್ಯಾನಿನಿಂದ ಸ್ಟ್ಯಾಫಿಲೊಕಾಕಸ್, ಇ. ಕೋಲಿ ಎಲ್ಲ ಹಾಲಿಗೆ ಸೇರಬಹುದು. ಅವುಗಳಲ್ಲಿ ಕೆಲವು ಮದ್ದಿಗೆ ಬಗ್ಗದವು. ಆದರೆ ಮದ್ದಿಗೆ ಬಗ್ಗದ್ದು ಬೆಂಕಿಗೂ ಬಗ್ಗುವುದಿಲ್ಲ ಎಂದೇನಿಲ್ಲ. ಪಾಶ್ಚರೀಕರಣದಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡ್ ಇಟ್ಟರೆ ಇವೂ ಸಾಯುತ್ತವೆ. ಹಾಗಾಗಿ ಹಸಿ ಹಾಲು ಕುಡಿಯುವ ಶೋಕಿ ಬೇಡ, ಕುದಿಸಿದರೆ ಈ ಭಯ ಹೆಚ್ಚು ಕಡಿಮೆ ಮುಗಿಯಿತು.

ಎರಡನೆಯದು ಮದ್ದಿನ ಉಳಿಕೆ. ಅದು ಜೀವಿಯಲ್ಲ, ರಾಸಾಯನಿಕ. ಒಲೆಯ ಮೇಲೆ ಹಾಲು ಉಕ್ಕಿದರೂ ಹೆಚ್ಚಿನ ಪಾಲು ಹಾಗೇ ಉಳಿಯುತ್ತದೆ. ನಮ್ಮ ಹಾಲು ಕುದಿಸಿದ ಮೇಲೂ ಮೊಸರಾಗದ್ದು ಬಹುಶಃ ಅದಕ್ಕೇ. ಈ ಚೂರುಪಾರು ಮದ್ದು ಹೊಟ್ಟೆಗೆ ಹೋದರೆ ಅಲ್ಲಿನ ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ, ಅವಕ್ಕೆ ಮದ್ದಿನ ಪರಿಚಯ ಆಗುತ್ತದೆ ಅಷ್ಟೇ. ತಡೆದುಕೊಂಡವು ಉಳಿದು ಹೆಚ್ಚುತ್ತವೆ. ಅಷ್ಟಕ್ಕೇ ಸುಮ್ಮನಿರದೆ ತಡೆಯುವ ಜೀನನ್ನು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿಟ್ಟು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಸಬ್ಮಿಷನ್ ಹಿಂದಿನ ರಾತ್ರಿ ಒಬ್ಬನ ಲ್ಯಾಬ್ ರೆಕಾರ್ಡ್ ಇಡೀ ಕ್ಲಾಸಿಗೆ ಹೋದ ಹಾಗೆ.

2018ರಲ್ಲಿ ಎಫ್‌ಎಸ್‌ಎಸ್‌ಎಐ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿಸಿದಾಗ 77ರಲ್ಲಿ ಆಂಟಿಬಯಾಟಿಕ್ ಮಿತಿ ಮೀರಿತ್ತು. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟೇನಾ ಅನಿಸಬಹುದು. ಆದರೆ ಹಾಲು ದಿನಾ ಕುಡಿಯುವ ವಸ್ತು. 2019ರ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ಜಗತ್ತಿನಲ್ಲಿ ನೇರವಾಗಿ ಸತ್ತವರು ಸುಮಾರು 12.7 ಲಕ್ಷ ಎಂದು ‘ದಿ ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನದ ಅಂದಾಜು. ಅದರಲ್ಲಿ ಹಾಲಿನ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆಸ್ಪತ್ರೆ, ಕೋಳಿ ಫಾರಂ, ಚರಂಡಿ ನೀರು, ಮೆಡಿಕಲ್ ಶಾಪ್ ಎಲ್ಲವೂ ಇದರಲ್ಲಿ ಪಾಲುದಾರರೇ.

ಇಷ್ಟೆಲ್ಲ ಓದಿ ನಾವು ಹಾಲಿನವರ ಮೇಲೆ ಕೆಂಡವಾಗಿದ್ದೆವು. ಅಷ್ಟರಲ್ಲಿ ಬೆಳ್ತಂಗಡಿಯವನು ಅಮ್ಮನಿಗೆ ಮತ್ತೆ ಫೋನ್ ಮಾಡಿ ಕೇಳಿದ, “ನಮ್ಮ ದನಕ್ಕೆ ಹಾಗೆ ಆದಾಗ ನೀನು ಎಂತ ಮಾಡುದು?”

ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಒಂದೆರಡು ದಿನ ಚೆಲ್ತೇನೆ. ಮತ್ತೆ ಹಾಕದೆ ಎಂತ ಮಾಡುದು ಮಗಾ? ನಿನ್ನ ರೂಮ್ ಬಾಡಿಗೆ ಅದರಲ್ಲೇ ಅಲ್ವಾ ಬರುದು?”

ನಾವು ಮೂವರೂ ಸುಮ್ಮನಾದೆವು. ಈ ಗೋಡೌನಿನ ಮೇಲೆ ನಾವು ಕೂತಿದ್ದರ ಮೂರನೇ ಒಂದು ಪಾಲು ಆ ಹಾಲಿನ ದುಡ್ಡು.

ನಿಯಮ ಉಂಟು. 2012ರ ಔಷಧ ನಿಯಮದ ಪ್ರಕಾರ ಪ್ರಾಣಿಗೆ ಕೊಡುವ ಮದ್ದಿನ ಲೇಬಲ್ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂದು ಬರೆದಿರಬೇಕು. ಆ ಮದ್ದಿಗೆ ಅವಧಿ ಗೊತ್ತುಮಾಡಿಲ್ಲದಿದ್ದರೆ ಕನಿಷ್ಠ 7 ದಿನ. ಒಂದು ದನ ದಿನಕ್ಕೆ 10 ಲೀಟರ್ ಕೊಡುತ್ತದೆ, ಲೀಟರಿಗೆ 35 ರೂಪಾಯಿ ಎಂದು ಹಿಡಿದರೂ ಏಳು ದಿನಕ್ಕೆ 2,450 ರೂಪಾಯಿ ಚರಂಡಿಗೆ. ಮೇಲೆ ಡಾಕ್ಟರ ಖರ್ಚು. ಹಿಂಡಿಯ ಖರ್ಚು ಅಂತೂ ನಿಲ್ಲುವುದಿಲ್ಲ. ಚೆಲ್ಲಬೇಡ, ಕರುವಿಗೆ ಕುಡಿಸು ಎಂದರೆ ಕರುವಿನ ಹೊಟ್ಟೆಯಲ್ಲೂ ಅದೇ ತರಬೇತಿ ಶುರು. ಆರೋಗ್ಯ ಎಲ್ಲರದ್ದು, ನಷ್ಟ ಮಾತ್ರ ಅಮ್ಮ ಒಬ್ಬಳದ್ದು.

ಆಮೇಲೆ ಕಾಸರಗೋಡಿನವನು ಏನೂ ಹೇಳದೆ ನಮ್ಮ ಮೇಜಿನ ಡ್ರಾಯರ್ ಎಳೆದ. ಅಜಿತ್ರೊಮೈಸಿನ್ ಸ್ಟ್ರಿಪ್ ಒಂದು, ಎರಡು ಮಾತ್ರೆ ಖಾಲಿ. ಅಮಾಕ್ಸಿಸಿಲಿನ್ ಅರ್ಧ ಸ್ಟ್ರಿಪ್. ಮಳೆಗಾಲದಲ್ಲಿ ಜ್ವರ ಬಂದಾಗ ಚೀಟಿ ಇಲ್ಲದೆ ತಂದದ್ದು. ಅದು ವೈರಲ್ ಜ್ವರವೋ ಏನೋ, ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಎರಡು ದಿನಕ್ಕೆ ಜ್ವರ ಬಿಟ್ಟಿತು, ಉಳಿದದ್ದನ್ನು “ಇಂಟರ್ನಲ್ಸ್ ಟೈಮಿಗೆ ಬೇಕಾಗ್ತದೆ” ಎಂದು ತೆಗೆದಿಟ್ಟಿದ್ದೆವು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ, ಕಡಿಮೆ ಪ್ರಮಾಣದಲ್ಲಿ ಮದ್ದು ತಗೊಂಡರೆ ಬ್ಯಾಕ್ಟೀರಿಯಾಕ್ಕೆ ತಡೆಯುವ ಶಕ್ತಿ ಬರುತ್ತದೆ ಎಂದು ಎಚ್ಚರಿಸಿದ್ದರು. ಅಮ್ಮನಿಗೆ ಕನಿಷ್ಠ ಬಾಡಿಗೆ ಎಂಬ ಕಾರಣ ಇತ್ತು. ನಮಗೆ ಯಾವ ಕಾರಣ?

ಮರುದಿನ ಹಾಲಿನವರ ಹತ್ತಿರ ಜಗಳ ಮಾಡಲಿಲ್ಲ, ಕೇಳಿದೆವು. ಅವರು ಸುಳ್ಳು ಹೇಳಲಿಲ್ಲ. “ಒಂದು ದನಕ್ಕೆ ಹುಷಾರಿರ್ಲಿಲ್ಲ. ಹೇಳಿದ್ರೆ ನೀವು ಬೇರೆಯವರ ಹತ್ತಿರ ಹೋಗ್ತಿದ್ರಿ ಅಲ್ವಾ?” ನಿಜ, ಖಂಡಿತ ಹೋಗುತ್ತಿದ್ದೆವು. ಸತ್ಯ ಹೇಳಿದವನು ಗಿರಾಕಿ ಕಳೆದುಕೊಳ್ಳುವ ವ್ಯವಸ್ಥೆಯಲ್ಲಿ ನಾವೂ ಒಂದು ಭಾಗ.

ಈಗ ನಮ್ಮಲ್ಲಿ ಒಂದು ಒಪ್ಪಂದ ಉಂಟು. ದನಕ್ಕೆ ಮದ್ದು ಕೊಟ್ಟರೆ ಅವರು ಮೊದಲೇ ಹೇಳಬೇಕು, ಆ ಹಾಲನ್ನು ಕ್ಯಾನಿಗೆ ಸೇರಿಸಬಾರದು. ಅಷ್ಟು ದಿನ ನಾವು ಪ್ಯಾಕೆಟ್ ತಗೊಳ್ತೇವೆ, ಆದರೆ ಅವರಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಕೊಟ್ಟೇ ಕೊಡ್ತೇವೆ. ಮೂವರಿಗೆ ಹಂಚಿದರೆ ಎರಡು ಟೀ, ಒಂದು ಬನ್ಸಿನ ದುಡ್ಡು. ನಮ್ಮೊಂದು ಲೀಟರಿನಿಂದ ಅವರ ನಷ್ಟ ತುಂಬುವುದಿಲ್ಲ ಎಂದು ಗೊತ್ತು. ಊರಿನ ಎಲ್ಲ ಗಿರಾಕಿಗಳೂ, ಸೊಸೈಟಿಗಳೂ, ಸರ್ಕಾರವೂ ಸೇರಿ ಆ ಏಳು ದಿನ ಹೊತ್ತರೆ ಬೆಳ್ತಂಗಡಿಯ ಅಮ್ಮ ಯಾವ ಲೆಕ್ಕವೂ ಹಾಕದೆ ಹಾಲು ಚೆಲ್ಲಬಹುದು.

ಕಳೆದ ವಾರ ಅವರು ಸ್ಕೂಟರ್ ನಿಲ್ಲಿಸಿ ಕೆಳಗಿನಿಂದಲೇ ಕೂಗಿದರು, “ಇವತ್ತಿಂದ ಬುಧವಾರದವರೆಗೆ ಬೇಡ ಮಾರ್ರೆ!” ಹಾವೇರಿಯವನು ಗೊಣಗುತ್ತಾ ಪ್ಯಾಕೆಟ್ ತರಲು ಇಳಿದ.