ಆನೆ, ಮೊಸಳೆ ಮತ್ತು ಮಾತಿಲ್ಲದ ಮನುಷ್ಯ

ಸ್ಮರಣಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಅಪ್ಪಣೆಯಾದಾಗ ನಮ್ಮ ಕಣ್ಣಮುಂದೆ ಮೊದಲು ನಿಂತುದು ತರಗತಿಯ ಕರಿಹಲಗೆ. ನಮ್ಮೊಡನೆ ಓದುತ್ತಿದ್ದವಳೊಬ್ಬಳು ಪಾಠವನ್ನು ಬಹಳ ನಿಧಾನವಾಗಿ ಒಪ್ಪಿಸುತ್ತಿದ್ದಳು. ಒಂದು ದಿನ ಬಿಡುವಿನ ವೇಳೆಯಲ್ಲಿ ನಾವು ಆಕೆಯನ್ನು ಎರಡು ಜಡೆಯ ಆಮೆಯನ್ನಾಗಿ ಬರೆದೆವು. ತರಗತಿಯೆಲ್ಲ ನಕ್ಕಿತು, ಆಕೆಯೂ ನಕ್ಕಳು. ಮರುದಿನದಿಂದ ಆಕೆ ತಾನಾಗಿ ಎದ್ದು ಓದಿದ್ದನ್ನು ನಾವು ಕಾಣಲಿಲ್ಲ.

ಈಚೆಗೆ ಹೆಬ್ಬಾಳದ ನಮ್ಮ ಮನೆಯಲ್ಲಿ ಮೊಮ್ಮಗಳೊಡನೆ ಅಮೆರಿಕದ ಹಳೆಯ ರಾಜಕೀಯ ವ್ಯಂಗ್ಯಚಿತ್ರಗಳನ್ನು ನೋಡುತ್ತಿದ್ದಾಗ ಆ ಆಮೆ ಮತ್ತೆ ನೆನಪಾಯಿತು. ಅವುಗಳಲ್ಲಿ ಹೆಚ್ಚಿನವು ಥಾಮಸ್ ನಾಸ್ಟ್ ಎಂಬಾತನು ‘ಹಾರ್ಪರ್ಸ್ ವೀಕ್ಲಿ’ ಪತ್ರಿಕೆಗೆ ಬರೆದವು. ರಿಪಬ್ಲಿಕನ್ ಪಕ್ಷಕ್ಕೆ 1874ರಲ್ಲಿ ಆತನು ಕೊಟ್ಟ ಆನೆಯ ರೂಪವು ಇಂದಿಗೂ ಆ ಪಕ್ಷದ ಗುರುತಾಗಿದೆ. ನ್ಯೂಯಾರ್ಕ್ ನಗರದ ಬೊಕ್ಕಸವನ್ನು ಸೂರೆಗೊಂಡ ಟ್ವೀಡನ ಕೂಟವನ್ನು 1871ರಲ್ಲಿ ಹುಲಿಯಾಗಿ ಬರೆದು ಬಯಲಿಗೆಳೆದನು. ಅಕ್ಷರ ಬಾರದವರಿಗೂ ಹುಲಿಯ ಅರ್ಥ ತಿಳಿಯಿತು. ಸಂಕೇತದ ಬಲವು ಇಂತಹುದು.

ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ಕೈ ‘ಅಮೆರಿಕದ ಗಂಗಾನದಿ’ ಎಂಬ ಹೆಸರಿನ ಚಿತ್ರವನ್ನೂ ಬರೆಯಿತು. ಅಲ್ಲಿ ಕ್ಯಾಥೊಲಿಕ್ ಬಿಷಪ್ಪರು ಮೊಸಳೆಗಳು. ಅವರ ಶಿರೋಭೂಷಣಗಳೇ ತೆರೆದ ಬಾಯಿಗಳು. ದಡದಲ್ಲಿ ಬೆದರಿದ ಶಾಲಾಮಕ್ಕಳು. ಶಾಲೆಗಳಿಗೆ ಸಾರ್ವಜನಿಕ ಹಣ ಸಲ್ಲಬೇಕೆ ಎಂಬ ವಾದವು ಹೀಗೆ ನೆರೆಯವರನ್ನು ಮೃಗವಾಗಿಸುವಲ್ಲಿಗೆ ಮುಟ್ಟಿತು. ಗಂಗೆಯಲ್ಲಿ ತಾಯಂದಿರು ಕೂಸುಗಳನ್ನು ಮೊಸಳೆಗೆ ಎಸೆಯುವರೆಂಬ, ಪಶ್ಚಿಮದಲ್ಲಿ ಆಗ ಹರಡಿದ್ದ ಕಥೆಯನ್ನು ಆಧರಿಸಿದ್ದುದರಿಂದ, ಒಂದೇ ಚಿತ್ರವು ಅಲ್ಲಿನ ಕ್ಯಾಥೊಲಿಕರನ್ನೂ ನಮ್ಮ ದೇಶದ ತಾಯಂದಿರನ್ನೂ ನೋಯಿಸಿತು.

ನಮ್ಮ ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು ಬೇರೊಂದು ದಾರಿಯನ್ನು ತೋರಿದರು. ಬಾಲ್ಯದಲ್ಲಿ ಅವರು ಬರೆದ ಅರಳಿ ಎಲೆಯನ್ನು ಉಪಾಧ್ಯಾಯರೊಬ್ಬರು ಮೆಚ್ಚಿದ್ದೇ ಅವರಿಗೆ ಮೊದಲ ಧೈರ್ಯ. ಮಹಾರಾಜಾ ಕಾಲೇಜಿನಲ್ಲಿ ಓದಿ, ‘ಕೊರವಂಜಿ’ಗೆ ಚಿತ್ರ ಬರೆದು, ಮುಂದೆ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದರು. 2015ರಲ್ಲಿ ಕಾಲವಾದರು. ಮಂತ್ರಿಗಳನ್ನು ಅವರು ಬಿಟ್ಟವರಲ್ಲ. ಆದರೆ ಅವರ ಮುಖ್ಯ ಸಂಕೇತವು ಚೌಕಳಿ ಕೋಟು, ಪಂಚೆ, ಕನ್ನಡಕ, ಪೊದೆಮೀಸೆಯ ಒಬ್ಬ ಶ್ರೀಸಾಮಾನ್ಯನು. ಆತನು ಮಾತನಾಡುವುದಿಲ್ಲ, ಒಂದು ಮೂಲೆಯಲ್ಲಿ ನಿಂತು ನೋಡುತ್ತಾನೆ. ಆತನನ್ನು ಕಂಡು ನಗುವಾಗ ನಾವು ನಮ್ಮನ್ನೇ ಕಂಡು ನಗುತ್ತೇವೆ.

ಬಲವುಳ್ಳವನ ಅನ್ಯಾಯವನ್ನು ಹುಲಿಯೆಂದು ಬರೆಯುವುದು ಧೈರ್ಯ. ತಿರುಗಿ ಮಾತನಾಡಲಾರದವಳನ್ನು ಆಮೆಯೆಂದು ಬರೆಯುವುದು ಧೈರ್ಯವಲ್ಲ. ಇದನ್ನು ಅರಿಯಲು ನಮಗೆ ಮುಪ್ಪು ಬರಬೇಕಾಯಿತು.

ಮೊಮ್ಮಗಳು ಈಗ ಗೆಳತಿಯರ ಚಿತ್ರ ಬರೆಯುತ್ತಾಳೆ. ನಾವು ಕೇಳುವುದು ಒಂದೇ ಪ್ರಶ್ನೆ: “ಈ ಚಿತ್ರದಲ್ಲಿ ನೀನು ಎಲ್ಲಿ ನಿಂತಿದ್ದೀಯೆ, ಮಗು?”

ನಮ್ಮ ಆ ಸೋದರಿಯ ಕೈಗೆ ಈ ಸಂಚಿಕೆ ಸೇರಿದರೆ, ಕರಿಹಲಗೆಯಿಂದ ಅಂದೇ ಅಳಿಸಿಹೋದ ಆ ಗೆರೆಗಳಿಗಾಗಿ ಇಂದು ನಾವು ಕೇಳುವ ಕ್ಷಮೆಯನ್ನು ಆಕೆ ದಯಪಾಲಿಸಲಿ.